ತಡವಾಗಿ ಏಳುವವನ ಬೆಳಗು

"ಸ್ವಲ್ಪ ನಿಲ್ಲಿಸಪ್ಪಾ," ಎಂದು ದರ್ಜಿ ತನ್ನ ಸ್ಟ್ರೆಚರ್ ತಳ್ಳುತ್ತಿದ್ದವನಿಗೆ ಹೇಳಿದ. ಹರ್ನಿಯಾ ಆಪರೇಷನ್ನಿಗೆ ಹೆದರಿ ಗಂಡ ಎದ್ದು ಓಡುತ್ತಾನೇನೋ ಎಂದು ಹೆಂಡತಿ ಸ್ಟ್ರೆಚರಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

ಬಿಸಿಲು ಚುರುಗುಟ್ಟಿದ ಮೇಲೇ ಹಾಸಿಗೆ ಬಿಡುವ ಆಸಾಮಿ ಅವನು. ಇಂದು ಕತ್ತಲಲ್ಲೇ ಆಸ್ಪತ್ರೆಗೆ ಹೊರಟವನು, ದಾರಿಯುದ್ದಕ್ಕೂ ಹಾಲಿನವರನ್ನು, ಮೊದಲ ಬಸ್ಸಿನ ಡ್ರೈವರನ್ನು ಕಣ್ಣರಳಿಸಿ ನೋಡಿದ್ದ. ಈಗ ಸ್ಟ್ರೆಚರ್ ಜಾರದಂತೆ ಒದ್ದೆ ನೆಲವನ್ನು ಒಣಬಟ್ಟೆಯಿಂದ ಒರೆಸುತ್ತಿದ್ದ ಹೆಂಗಸಿಗೆ ಮಲಗಿದಲ್ಲಿಂದಲೇ ಕೈಮುಗಿದ.

"ನಾನು ಮುಸುಕು ಹೊದ್ದು ಗೊರಕೆ ಹೊಡೆಯೋ ಹೊತ್ತಿಗೆ ನೀವೆಲ್ಲ ಇಷ್ಟು ಕೆಲಸ ಮುಗಿಸಿರ್ತೀರಲ್ಲಮ್ಮಾ! ನನಗೆ ಗೊತ್ತೇ ಇರಲಿಲ್ಲ."

ಅವಳು ಪಕ್ಕನೆ ನಕ್ಕಳು. "ಈಗಲೂ ನೀವು ಮಲಗೋಕೇ ತಾನೇ ಹೋಗ್ತಿರೋದು? ಹಾಯಾಗಿ ಮಲಗಿ ಅಣ್ಣಾ. ನಾವೆಲ್ಲ ಎದ್ದಿದ್ದೀವಲ್ಲ."

ದರ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ, "ನಡಿಯಪ್ಪಾ, ಹೋಗೋಣ," ಎಂದ.