ಹಂಡೆ ನೋಡಲು ಬಂದವರು

"ಲೇ ಶಿವ, ಬಂದ್ಬುಟ್ರು ಕಣ್ಲಾ! ಕಾರು ಅರಳೀಕಟ್ಟೆ ತಾವ ತಿರುಗ್ತು!"

ಕರಿಯಯ್ಯ ಜಗಲಿಯಿಂದ ಹೀಗೆ ಕೂಗಿದಾಗ ಅವನ ಮಗ ಶಿವಶಂಕರ, ಅಂದರೆ ಮದುವೆಗೆ ನಿಂತ ಗಂಡು, ಬಚ್ಚಲಲ್ಲಿ ಮೊಣಕೈವರೆಗೂ ಹುಣಸೆಹಣ್ಣು ಮೆತ್ತಿಕೊಂಡು ತಾಮ್ರದ ಹಂಡೆಯ ಜೊತೆ ಕುಸ್ತಿಗೆ ಬಿದ್ದಿದ್ದ. ಬೆಳಗಿನಿಂದ ಇದು ಮೂರನೆಯ ಸುತ್ತು. ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ ನೀರು ಸುರಿದರೆ ಹಂಡೆ ಥಳಥಳ ಅನ್ನುತ್ತಿತ್ತು. ಆ ಮಗ್ಗುಲು ಮುಗಿಸಿ ಈ ಮಗ್ಗುಲಿಗೆ ಬರುವಷ್ಟರಲ್ಲಿ ಹೊಳಪು ಮಂಗಮಾಯ, ಮೈಯೆಲ್ಲ ಕಪ್ಪು ಕಪ್ಪು ಕಲೆ.

"ಅವ್ವ ಬೆಳಗಿದ್ರೆ ವಾರಗಟ್ಲೆ ಮುಖ ಕಾಣೋದಲ್ಲಪ್ಪಾ! ಏನಾಕ್ತಿದ್ಲು ಇದಕ್ಕೆ?"

"ನಂಗೇನ್ಲಾ ಗೊತ್ತು? ನಾನು ಹಂಡೆ ನೋಡ್ತಿದ್ನಾ? ಬಿಸ್ನೀರು ಉಯ್ಕೊಂಡು ಬತ್ತಿದ್ದೆ, ಅಷ್ಟೆಯಾ."

ಅವ್ವ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. 'ಹೆಂಗಸಿಲ್ಲದ ಮನೆ, ಹುಡುಗಿ ಕೊಟ್ಟರೆ ಇಬ್ಬರು ಗಂಡಸರ ಚಾಕರಿಗೇ ಸರಿ' ಎಂದು ಈಗಾಗಲೇ ನಾಲ್ಕು ಸಂಬಂಧ ಮುರಿದುಬಿದ್ದಿದ್ದವು. ಐದನೆಯದು ಮಿರ್ಲೆ ಊರಿನ ಹುಡುಗಿ ರಾಣಿ. ಅವಳನ್ನು ನೋಡಿಕೊಂಡು ತನ್ನೂರು ಕಟ್ಟೆಮಳಲವಾಡಿಗೆ ಮರಳಿದ ದಿನದಿಂದ ಶಿವಶಂಕರನಿಗೆ ಊಟ ಸೇರುತ್ತಿರಲಿಲ್ಲ. ಇವಳೂ ತಪ್ಪಿಹೋದರೆ ಇನ್ನು ಹೆಣ್ಣು ನೋಡುವ ಸಹವಾಸವೇ ಬೇಡ ಎಂದುಕೊಂಡಿದ್ದ. ಇವತ್ತು ಅವರು ಮನೆ ನೋಡಲು ಬರುವ ದಿನ. ಮದುವೆ ಬ್ರೋಕರ್ ಮಂಟಯ್ಯ ಮೊದಲೇ ಕಿವಿಯಲ್ಲಿ ಊದಿದ್ದ: "ಹುಡುಗಿ ಅಜ್ಜಿ ಚಿಕ್ಕಬೀರಮ್ಮಂದೇ ಆ ಮನೇಲಿ ಕೊನೇ ಮಾತು. ಎಲ್ಲಿಗೋದ್ರೂ ಕೂರೋಕ್ಮುಂಚೆ ಬಚ್ಚಲಿಗೆ ನುಗ್ತದೆ ಆವಮ್ಮ. ಹಂಡೆ ನೋಡಿ ಮನೆ ಅಳೀತದೆ, ಉಸಾರು!"

ಕಾರಿನಿಂದ ಮೊದಲು ಒಂದು ಊರುಗೋಲು ಇಳಿಯಿತು, ಆಮೇಲೆ ಚಿಕ್ಕಬೀರಮ್ಮ, ಅವಳ ಹಿಂದೆ ರಾಣಿ. ಕಾರು ಓಡಿಸಿಕೊಂಡು ಬಂದ ರಾಣಿಯ ಚಿಕ್ಕಪ್ಪ ಫೋನಿನಲ್ಲಿ ಮುಳುಗಿ ಒಳಗೇ ಉಳಿದ.

"ಯಜಮಾನ್ರೇ, ಅಜ್ಜಿ ಕಾಲು ತೊಳ್ಕೋಬೇಕಂತೆ. ಬಚ್ಚಲೆಲ್ಲಿ?" ಎಂದಳು ರಾಣಿ, ಬರುತ್ತಿದ್ದ ನಗುವನ್ನು ತುಟಿಯಲ್ಲೇ ಒತ್ತಿಕೊಂಡು.

"ಮೊದ್ಲು ಕಾಫಿ ಕುಡೀರವ್ವ..." ಎಂದು ಕರಿಯಯ್ಯ ಅಡ್ಡ ಬರುವಷ್ಟರಲ್ಲಿ ಊರುಗೋಲು ನಡುಮನೆ ದಾಟಿಯಾಗಿತ್ತು.

ಶಿವಶಂಕರ ಗಾಬರಿಯಲ್ಲಿ ಹಂಡೆಗೆ ಅಡ್ಡ ನಿಂತ. ಅದೇನು ಚೊಂಬೇ, ಬೆನ್ನ ಹಿಂದೆ ಅಡಗಲು? ಅಜ್ಜಿ ಕೋಲಿನಿಂದಲೇ ಅವನನ್ನು ಪಕ್ಕಕ್ಕೆ ಸರಿಸಿ, ಚಿರತೆಯ ಮೈಯಂತಿದ್ದ ಹಂಡೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರಪ್ಪ ಬೆಳಗಿದ್ದು ಇದ?"

"ಕೆಲಸದೋಳು ಕಣವ್ವ," ಹಿಂದಿನಿಂದ ಕರಿಯಯ್ಯ ಹಸಿಹಸಿ ಸುಳ್ಳು ಬಿಟ್ಟ. "ಬಡ್ಕೊಂಡ್ರೂ ಗ್ಯಾನ ಬರಾಕಿಲ್ಲ ಅವುಳ್ಗೆ."

ಅಜ್ಜಿ ಶಿವಶಂಕರನ ಕೈ ಹಿಡಿದೆಳೆದು ಮೂಸಿದಳು. "ಅಂಗಾರೆ ನಿಮ್ಮ ಕೆಲಸದೋಳಿಗೆ ಮೀಸೆ ಅದೆ ಅನ್ನು."

ರಾಣಿ ಒತ್ತಿಟ್ಟುಕೊಂಡಿದ್ದ ನಗು ಕಿತ್ತುಕೊಂಡು ಬಂತು. ಇನ್ನೇನು ಮುಚ್ಚುವುದು? ಶಿವಶಂಕರ ಬಾಯಿಬಿಟ್ಟ. "ನಾನೇ ಕಣಜ್ಜಿ. ಬೆಳಿಗ್ಗೆಯಿಂದ ಉಜ್ತಾವ್ನಿ. ಉಜ್ಜಿದ್ದು ಉಜ್ಜಿದಂಗೇ ಕಪ್ಪಾಯ್ತದೆ. ತಾಮ್ರವೇ ಕೆಟ್ಟೋಗದೆ."

"ತಾಮ್ರ ಕೆಟ್ಟಿಲ್ಲ ಕಣ್ ಮಗ. ನೀರು ಮೈಮೇಲೇ ಆರ್ತಾ ಅದೆ. ಹುಳಿ ತೊಳೆದ ಗಳಿಗೇಲೇ ಒಣಬಟ್ಟೇಲಿ ಒರಸ್ಬೇಕು, ಒಂದು ಅನಿ ಉಳೀಬಾರ್ದು. ಇಷ್ಟು ದೊಡ್ಡ ಹಂಡೆ ಒಬ್ರ ಕೈಲಿ ಆಗೋ ಕೆಲಸಾನಾ? ಒಬ್ರು ಉಜ್ಜಿ ತೊಳೀತಾ ಇದ್ರೆ ಇನ್ನೊಬ್ರು ಹಿಂದಿಂದೇ ಒರಸ್ತಾ ಬರ್ಬೇಕು. ನಿಮ್ಮವ್ವ ಬೆಳಗುವಾಗ ಪಕ್ಕದಲ್ಲಿ ಯಾರಿರೋರು?"

"ಯಾರೂ ಇರ್ತಿರ್ಲಿಲ್ಲ..." ಎಂದವನು ತಟ್ಟನೆ ನಿಲ್ಲಿಸಿದ. ಇದೇ ಬಚ್ಚಲು. ಆರು ವರ್ಷದ ತಾನು ಚಡ್ಡಿ ನೆನೆಸಿಕೊಂಡು ಕೂತಿದ್ದಾನೆ. ಕೈಯಲ್ಲಿ ಅವ್ವನ ಹಳೇ ಸೀರೆಯ ತುಂಡು. 'ಒರಸು ನನ್ ರಾಜ, ಬ್ಯಾಗ ಬ್ಯಾಗ ಒರಸು' ಎಂದು ಅವ್ವ ನಗುತ್ತಿದ್ದಾಳೆ.

"ನಾನೇ ಇರ್ತಿದ್ದೆ ಕಣಜ್ಜಿ!" ಅವನ ಮುಖ ಅರಳಿಬಿಟ್ಟಿತು. "ತಂಟೆ ಮಾಡ್ದೆ ಕೂರ್ಲಿ ಅಂತ ಬಟ್ಟೆ ಕೊಡ್ತಾಳೆ ಅನ್ಕಂಡಿದ್ದೆ. ಆ ಹೊಳಪಲ್ಲಿ ಅರ್ಧ ನಂದೇ ಆಗಿತ್ತಾ!" ಒಂಬತ್ತು ವರ್ಷದಲ್ಲಿ ಅವ್ವನ ನೆನಪಿಗೆ ಅವನು ಹೀಗೆ ಖುಷಿಪಟ್ಟಿದ್ದೇ ಇಲ್ಲ.

ಅಜ್ಜಿ ಹಂಡೆಯನ್ನು ಇನ್ನೊಮ್ಮೆ ನೋಡಿ, ಕೋಲು ಊರಿಕೊಂಡು ಬಚ್ಚಲಿನ ಬಾಗಿಲು ದಾಟಿದಳು. "ಸರಿ, ನೋಡಿದ್ದಾಯ್ತು. ನಡಿ ರಾಣಿ."

ಶಿವಶಂಕರ ಕೈ ತೊಳೆದುಕೊಳ್ಳಲು ಚೊಂಬು ಎತ್ತಿಕೊಂಡ. ಐದನೆಯದೂ ಹೋಯಿತು.

ರಾಣಿ ಮಾತ್ರ ಕದಲಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಲದ ಮೇಲಿದ್ದ ಹುಣಸೆಹಣ್ಣಿನ ಬಟ್ಟಲನ್ನು ಬಗ್ಗಿ ಎತ್ತಿ ಅವನ ಮುಂದೆ ಹಿಡಿದಳು. "ಇರಜ್ಜಿ. ಇನ್ನೊಂದ್ಸಲ ಉಜ್ಜಲಿ, ನೋಡಾನ."

ಆಮೇಲೆ ಬಾಗಿಲಲ್ಲಿ ನಿಂತಿದ್ದ ಕರಿಯಯ್ಯನ ಕಡೆ ತಿರುಗಿ ಕೈ ಚಾಚಿದಳು. "ಮಾವ, ಎಗಲ ಮೇಲಿನ ಟವಲ್ ಕೊಡಿ ಇತ್ತ."

ಮಾವ ಅಂದಿದ್ದು ಯಾರನ್ನು ಎಂದು ಕರಿಯಯ್ಯ ಒಮ್ಮೆ ಹಿಂದೆ ತಿರುಗಿ ನೋಡಿದ. ಹಿಂದೆ ಅಜ್ಜಿ ಕೋಲಿಗೆ ಗಲ್ಲ ಊರಿಕೊಂಡು ನಗುತ್ತಿದ್ದಳೇ ಹೊರತು ಬೇರೆ ಯಾರೂ ಇರಲಿಲ್ಲ. ಅವನು ಗಡಿಬಿಡಿಯಲ್ಲಿ ಟವಲು ಕೊಟ್ಟ. ಕೊಟ್ಟಾದ ಮೇಲೆ ಕಣ್ಣು ಒರೆಸಿಕೊಳ್ಳಲು ಅವನ ಹತ್ತಿರ ಏನೂ ಉಳಿದಿರಲಿಲ್ಲ.