ಮಾಲೆ ಹಾಕಿದ ಕಾರ್ಡು

ಕಮರುದ್ದೀನನ ಬಲಗೈಯನ್ನು ಕಾಗದ ಕತ್ತರಿಸುವ ಯಂತ್ರದ ಬ್ಲೇಡಿನ ಕೆಳಗೆ ಒತ್ತಿ ಹಿಡಿದು ಶಂಭುಲಿಂಗ ಮತ್ತೊಮ್ಮೆ ಕೇಳಿದ.

“ಹೇಳಲೇ, ಇದನ್ನ ಮಾಡಿಸಿದಾಂವ ನಮ್ಮಣ್ಣ ಹೌದೋ ಅಲ್ಲೋ?”

“ಅಲ್ರಿ ಸಾವ್ಕಾರ್ರ.”

ಸಲಾಕೆ ಬೆನ್ನಿಗೆ ಬಿತ್ತು. ಕಮರುದ್ದೀನನ ತುಟಿ ಆಗಲೇ ಸೀಳಿತ್ತು, ರಕ್ತ ಗದ್ದದಿಂದ ಅಂಗಿಗೆ ಇಳಿಯುತ್ತಿತ್ತು. ತಾರಿಹಾಳದ ಆ ಪ್ರೆಸ್ಸಿನಲ್ಲಿ ಅದು ಊಟದ ಹೊತ್ತು. ಕೆಲಸದವರೆಲ್ಲ ಹೊರಗೆ ಹೋಗಿದ್ದರು. ಹತ್ತಿ ವ್ಯಾಪಾರಿ ಶಂಭುಲಿಂಗ ಅದನ್ನೇ ಕಾದಿದ್ದವನಂತೆ ನುಗ್ಗಿ, ಶಟರ್ ಎಳೆದು, ಮಾಲೀಕ ಕಮರುದ್ದೀನನ ಮೇಲೆ ಬಿದ್ದಿದ್ದ. ಬರುವಾಗಲೇ ಎಡಗೈಗೆ ಕರವಸ್ತ್ರ ಸುತ್ತಿಕೊಂಡಿದ್ದ.

ಇಷ್ಟಕ್ಕೆಲ್ಲ ಕಾರಣ ಒಂದು ಕಾರ್ಡು. ಬೆಳಿಗ್ಗೆ ಗೋಪನಕೊಪ್ಪದ ಶಂಭುಲಿಂಗನ ಮನೆಗೆ ಕೊರಿಯರ್‌ನಲ್ಲಿ ಬಂದಿತ್ತು. ಲಕೋಟೆ ಒಡೆದ ಹೆಂಡತಿ ರಜನಿ ಕಿಟಾರನೆ ಕಿರುಚಿದ್ದಳು. ಒಳಗೆ ಶಂಭುಲಿಂಗನ ಫೋಟೋ. ಅದರ ಸುತ್ತ ಹೂವಿನ ಮಾಲೆ, ಎರಡೂ ಬದಿಗೆ ದೀಪ, ಮೇಲೆ ‘ಶಿವೈಕ್ಯರಾದವರಿಗೆ ನಮನ’. ಕೆಳಗೆ ಅವನದೇ ಹೆಸರು, ಅವನದೇ ಅಂಗಡಿ. ಚಹಾ ಕುಡಿಯುತ್ತ ಕೂತ ಮನುಷ್ಯ ತನ್ನ ಸಾವಿನ ಕಾರ್ಡನ್ನು ತಾನೇ ಓದಿದರೆ ಆ ಚಹಾ ಗಂಟಲಲ್ಲಿ ಇಳಿದೀತೇ?

ಹೋದ ವಾರವಷ್ಟೇ, ಜಿನ್ನಿಂಗ್ ಮಿಲ್ಲಿನ ಪಾಲಿನ ಜಗಳದಲ್ಲಿ, ಅಣ್ಣ ರಾಜಶೇಖರ ನಾಲ್ಕು ಮಂದಿಯ ಮುಂದೆ ಕೂಗಿದ್ದ. “ನಿನ್ನ ಫೋಟೋಕ್ಕ ಮಾಲಿ ಹಾಕಸ್ಲಿಲ್ಲಂದ್ರ ನಾ ನಮ್ಮಪ್ಪಗ ಹುಟ್ಟಿದವನ ಅಲ್ಲ!” ಒಬ್ಬನೇ ಅಪ್ಪನ ಮಕ್ಕಳು ಹೀಗೆ ಆಣೆ ಇಡುವುದು ನಗುವ ಮಾತೇ ಸರಿ. ಆದರೆ ಅವತ್ತು ಯಾರೂ ನಗಲಿಲ್ಲ. ಹತ್ತಿ ವರ್ತಕರ ಸಂಘದ ಕಾರ್ಯದರ್ಶಿಯಾಗಿ ಸದಸ್ಯರಿಗೆ ಕಳಿಸುವ ಈ ಕಾರ್ಡುಗಳನ್ನು ಅಚ್ಚಿಗೆ ಕೊಟ್ಟವನೂ ಅದೇ ರಾಜಶೇಖರ.

ಆ ಕಾರ್ಡನ್ನು ಶಂಭುಲಿಂಗ ಬಂದವನೇ ಮುಖಕ್ಕೆ ಹಿಡಿದಿದ್ದ. ತಪ್ಪು ಯಾರದೆಂದು ಕಮರುದ್ದೀನನಿಗೆ ಕೂಡಲೇ ಗೊತ್ತಾಗಿತ್ತು. ಇನ್ನೊಂದೂ ಗೊತ್ತಾಗಿತ್ತು: ತಾನು ಹೆದರಿ ಹೂಂ ಅಂದರೆ ಈ ಸಲಾಕೆ ಇಲ್ಲಿಂದ ನೆಟ್ಟಗೆ ರಾಜಶೇಖರನ ತಲೆಗೆ ಹೋಗುತ್ತದೆ. ಒಂದು ಹೂಂ, ಒಂದು ಹೆಣ. ಅವನು ಹಲ್ಲು ಕಚ್ಚಿದ.

“ಕೆಲಸ ಕೊಟ್ಟವರು ಅವರ, ಖರೇರಿ. ಆದ್ರ ಮಾಲಿ ಹಾಕಿದಾಂವ ನಾನು.”

“ಅಂದ್ರ?”

“ಹೆಸರು, ಫೋಟೋ ಒಂದೊಂದು ಕಾರ್ಡಿಗೆ ಬ್ಯಾರೆ ಬ್ಯಾರೆ ಬರ್ತಾವ್ರಿ. ಹಿಂದಿನ ಚಿತ್ರ, ಮ್ಯಾಲಿನ ಬರಹ ಎಲ್ಲಾರಿಗೂ ಒಂದ. ಹೋದ ತಿಂಗಳ ನಿಮ್ಮ ಸಂಘದಾಗ ತೀರಿಕೊಂಡವರ ಸ್ಮರಣಿ ಕಾರ್ಡು ಹಾಕಿದ್ದೆ. ಈ ಸಲ ಬದುಕಿದ್ದವರಿಗೆ ಸನ್ಮಾನದ್ದು. ಕಂಪ್ಯೂಟರಿನ್ಯಾಗ ಚಿತ್ರ ಬದಲ ಮಾಡಿದೆ. ಮಷೀನು ಹಳೇದನ್ನ ಹಿಡಕೊಂಡ ಕೂತಿತ್ತು, ಅದನ್ನ ಅಳಿಸೂದು ಮರತೆ. ನೋಡದ ಲಕೋಟಿಗೆ ತುಂಬಿ ಕಳಿಸಿಬಿಟ್ಟೆ.”

“ಸುಳ್ಳ!”

ಈ ಸಲ ಏಟು ಪಕ್ಕೆಗೆ. ಒಳಗೇನೋ ಲಟಕ್ಕೆಂದಿತು. ಕೈ ಬ್ಲೇಡಿನ ಕೆಳಗಿಂದ ಜಾರಿ ಕಮರುದ್ದೀನ ನೆಲಕ್ಕೆ ಕುಸಿದ. ಶಂಭುಲಿಂಗನ ಜೇಬಿನಲ್ಲಿ ಫೋನು ಬಡಕೊಳ್ಳತೊಡಗಿತು. ತೆಗೆದು ನೋಡಿದ. ಅಣ್ಣನ ಹೆಂಡತಿ ಗೌರಕ್ಕ. ಕತ್ತರಿಸಿದ. ಮತ್ತೆ ಬಂತು. ಮತ್ತೆ ಕತ್ತರಿಸಿದ.

“ಅಣ್ಣಾರಿಗೇ ಫೋನ್ ಹಚ್ಚಿ ಕೇಳ್ರಿ,” ಎಂದು ನರಳಿದ ಕಮರುದ್ದೀನ.

“ಅಂವ ಎತ್ತೂದಿಲ್ಲ.”

“ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಆಮ್ಯಾಲೆ ಬರೂದಿಲ್ರಿ ಸಾವ್ಕಾರ್ರ. ಒಂದು ಗಳಿಗಿ ತಡೀರಿ.”

ಅಬ್ಬಾ, ಆ ಮಾತಿಗೆ ಬಿದ್ದಂಥ ಏಟು ಅದುವರೆಗೆ ಬಿದ್ದಿರಲಿಲ್ಲ. ಹೊಡೆದವನೇ ಏದುಸಿರು ಬಿಡುತ್ತ ಪಕ್ಕದಲ್ಲಿ ಮಂಡಿಯೂರಿದ. ಕಮರುದ್ದೀನನ ಕಾಲು ಹಿಡಿದುಕೊಂಡ.

“ಹೂಂ ಅನ್ನೋ. ಅಷ್ಟ ಸಾಕು, ಬಿಟ್ಟ ಹೋಗ್ತೇನಿ. ಅಣ್ಣನ ಮಾಡಿಸಿದ ಅನ್ನು. ನಿನ್ನ ಕಾಲ ಬೀಳ್ತೇನಿ.”

ಅವನ ಕಣ್ಣಲ್ಲಿ ನೀರಿತ್ತು. ಹೊಡೆಯುವವನು ಅಳುವುದನ್ನು ಕಮರುದ್ದೀನ ಕಂಡಿರಲಿಲ್ಲ. ಆದರೂ ಮೋಸ ಹೋಗಲಿಲ್ಲ. ಅಣ್ಣನ ಮೇಲೆ ಕೈ ಮಾಡಲು ಇವನಿಗೆ ನೆವ ಬೇಕಾಗಿದೆ, ಸಾಯಲಿ ನಾನು, ಕೊಡುವುದಿಲ್ಲ ಎಂದುಕೊಂಡ. ಕೆಟ್ಟ ಹಟ ಅವನದು.

ತೆವಳುತ್ತ ಮೂಲೆಯ ಪೆಟ್ಟಿಗೆಯ ತನಕ ಹೋದ. ಸಂಘದ ಪದಾಧಿಕಾರಿಗಳಿಗೆ ಕೈಯಾರೆ ಮುಟ್ಟಿಸಬೇಕಾದ ಲಕೋಟೆಗಳು ಅದರಲ್ಲಿದ್ದವು. ಒಂದನ್ನು ಹಲ್ಲಿನಿಂದ ಹರಿದು ಮುಂದೆ ಚಾಚಿದ.

ರಾಜಶೇಖರನ ಫೋಟೋ. ಅದೇ ಮಾಲೆ, ಅದೇ ದೀಪ, ಅದೇ ‘ಶಿವೈಕ್ಯರಾದವರಿಗೆ ನಮನ’.

“ತನಗ ತಾನ ಯಾವನರ ಮಾಲಿ ಹಾಕಿಸ್ಕೋತಾನೇನ್ರಿ?”

ಸಲಾಕೆ ಕೈಜಾರಿ ನೆಲಕ್ಕೆ ಬಿತ್ತು. ಶಂಭುಲಿಂಗ ಕಾರ್ಡನ್ನೇ ನೋಡುತ್ತ ಗೋಡೆಗೆ ಒರಗಿದ. ಫೋನು ಮತ್ತೆ ಬಡಕೊಂಡಿತು. ಅವನು ಕತ್ತರಿಸಲೂ ಇಲ್ಲ, ಎತ್ತಲೂ ಇಲ್ಲ.

ಕಮರುದ್ದೀನ ಅತ್ತೇಬಿಟ್ಟ. ಪಕ್ಕೆ ಮುರಿದರೇನು, ಒಂದು ಜೀವ ಉಳಿಯಿತಲ್ಲ! “ಹೋಗ್ಲಿ ಬಿಡ್ರಿ. ನಾನ ಹೋಗಿ ಅಣ್ಣಾರಿಗೆ ತಪ್ಪಾತು ಅಂತೇನಿ. ಇವನ್ನೆಲ್ಲಾ ಹರದು ಹೊಸಾವು ಹಾಕಿ ಕೊಡ್ತೇನಿ.”

ಅಂದವನೇ ರಾಜಶೇಖರನ ಕಾರ್ಡನ್ನು ಹರಿಯಲು ಹೋದ. ಶಂಭುಲಿಂಗ ಅವನ ಕೈ ಹಿಡಿದುಕೊಂಡ.

“ಅದೊಂದ ಹರೀಬ್ಯಾಡೋ, ಅದು ಸರಿ ಐತಿ. ಮುಂಜಾನೆನ ಅಣ್ಣನ್ನ ಮುಗಿಸಿ ಬಂದೇನಿ.”