ಒದ್ದೆ ಹಲಗೆ

ಗುತ್ತಿಗೆದಾರ ತುಂಬಿದ ಬಕೆಟ್ಟನ್ನು ಎತ್ತಿ, ಕೆಲಸ ಮುಗಿದ ಹಿತ್ತಿಲ ಮರದ ಜಗಲಿಯ ಮೇಲೆ ನೀರನ್ನೆಲ್ಲ ಸುರಿದುಬಿಟ್ಟಾಗ, ಬಾಗಿಲಲ್ಲಿ ನಿಂತಿದ್ದ ಅತ್ತೆ ಗಾಬರಿಯಿಂದ ಹಿಂದೆ ಸರಿದರು. ಹೋದ ಮಳೆಗಾಲದಲ್ಲಿ ಇದೇ ಹಲಗೆಗಳ ಪಾಚಿಯ ಮೇಲೆ ಜಾರಿ ಸೊಂಟ ಮುರಿದುಕೊಂಡವರು ಅವರು. ಮೂಳೆ ಕೂಡಿಕೊಂಡಿತ್ತು, ಹೆದರಿಕೆ ಮಾತ್ರ ಹೋಗಿರಲಿಲ್ಲ. ಅಂದಿನಿಂದ ಹಿತ್ತಿಲನ್ನು ಕಿಟಕಿಯಿಂದಲೇ ನೋಡುತ್ತಿದ್ದರು. ಅದನ್ನು ನೋಡಿ ನೋಡಿ ಸಾಕಾಗಿ, ಸೊಸೆಯೇ ಪಕ್ಕದ ಬೀದಿಯ ಈ ದಢೂತಿ ಗುತ್ತಿಗೆದಾರನನ್ನು ಕರೆಸಿದ್ದಳು. ಅವನು ಪಾಚಿ ಕೆರೆದು, ಅಲುಗಾಡುವ ಹಲಗೆಗಳನ್ನು ಬಿಗಿಮಾಡಿ, ಕಾಲು ಜಾರದಂಥ ಬಣ್ಣ ಬಳಿದು ಒಣಗಿಸಿದ್ದ.

"ಅಯ್ಯೋ, ಒಣಗಿದ್ದನ್ನ ಯಾಕಪ್ಪಾ ಒದ್ದೆ ಮಾಡ್ತೀಯಾ?" ಎಂದರು ಅತ್ತೆ.

"ಒಣಗಿದಾಗ ಎಲ್ಲಾ ಹಲಗೇನೂ ಸಾಚಾನೇ ಅಜ್ಜಿ. ಅದರ ಬಣ್ಣ ಬಯಲಾಗೋದು ನೀರು ಬಿದ್ದಾಗ," ಎಂದು ಅವನು ಚಪ್ಪಲಿ ಬಿಟ್ಟು, ನೀರು ಹರಿಯುತ್ತಿದ್ದ ಜಗಲಿಯ ಮೇಲೆ ಬರಿಗಾಲಲ್ಲಿ ಆ ತುದಿಗೆ ನಡೆದ. ಸಾಲದ್ದಕ್ಕೆ ಸೊಂಟದ ಮೇಲೆ ಕೈಯಿಟ್ಟು ಧಪಧಪನೆ ಕುಣಿದ. "ನನ್ನಂಥ ಆನೇನೇ ಬೀಳಲಿಲ್ಲ. ನೀವು ಹೂವಿನ ಹಂಗಿದ್ದೀರಿ, ಬನ್ನಿ."

ಅತ್ತೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಒಂದು ಕಾಲನ್ನು ಹೊರಗಿಟ್ಟು ಊರಿ ನೋಡಿದರು. ಕಾಲು ನಿಂತಿತು. ಇನ್ನೊಂದನ್ನೂ ಇಟ್ಟರು. ಸೊಸೆ ಹಿಡಿಯಲೆಂದು ಚಾಚಿದ ಕೈಯನ್ನು ಬೇಡವೆಂದು ಸರಿಸಿ, ಒಬ್ಬರೇ ಅವನ ತನಕ ನಡೆದುಹೋಗಿ ಅವನ ಭುಜ ತಟ್ಟಿದರು.

"ನಿನ್ನ ಹೊಟ್ಟೆ ತಣ್ಣಗಿರಲಪ್ಪಾ."

ಸೊಸೆಗೂ ಅದನ್ನೇ ಹೇಳಬೇಕಿತ್ತು. ಬಾಗಿಲಲ್ಲೇ ನಿಂತು ಅವನಿಗೆ ಕೈ ಮುಗಿದಳು.